ಬರಿಗೈಯಲ್ಲಿ ಬರುವ ಧೈರ್ಯ

ಕ್ರೈಸ್ತ ವಿಶ್ವಾಸವನ್ನು ಹೊಸದಾಗಿ ಅರಿಯಲು ಬರುವವರಿಗೆ ಶತ್ರುಗಳನ್ನೂ ಪ್ರೀತಿಸಬೇಕೆಂಬ ಬೋಧನೆ ಕಷ್ಟ ಅನ್ನಿಸುತ್ತದೆ, ಆದರೆ ಅರ್ಥವಾಗುತ್ತದೆ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ತೋರಿಸುವ ಮಾತಂತೂ ಗಾಂಧೀಜಿಯವರ ದೆಸೆಯಿಂದ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ತಡವರಿಸುವುದು ಬೇರೆ ಕಡೆ. ಮಕ್ಕಳಂತೆ ಆಗದವರಿಗೆ ಸ್ವರ್ಗಸಾಮ್ರಾಜ್ಯದೊಳಗೆ ಜಾಗವಿಲ್ಲ ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ, ಅಲ್ಲಿ. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸು, ಮಗಳ ಮದುವೆಯ ಸಾಲ ತೀರಿಸುತ್ತಿರುವ ಅಪ್ಪ, ಇವರೆಲ್ಲ ಮಗುವಾಗುವುದು ಹೇಗೆ? ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಬರಬೇಕೇ? ಸಂಕಟ ಬಂದಾಗಲೂ ನಗುಮುಖ ಹಾಕಿಕೊಂಡಿರಬೇಕೇ?

ಎರಡೂ ಬೇಡ. ಅದು ಯಾಕೆ ಬೇಡ ಎಂಬುದನ್ನು ವ್ಯಾಖ್ಯಾನ ಕೊಟ್ಟು ವಿವರಿಸುವುದಕ್ಕಿಂತ, ಈ ಮಾತನ್ನು ಅಕ್ಷರಶಃ ಹಿಡಿದು ಬದುಕಿದ ಒಬ್ಬ ಹುಡುಗಿಯನ್ನು ಪರಿಚಯ ಮಾಡಿಸುವುದು ಮೇಲು. ಫ್ರಾನ್ಸಿನ ಲಿಸ್ಯೂ ಪಟ್ಟಣದ ತೆರೇಸಾ. ಮಠದಲ್ಲಿ ಅವಳ ಹೆಸರು ಬಾಲ ಯೇಸುವಿನ ತೆರೇಸಾ. ನಮ್ಮ ಊರುಗಳಲ್ಲಿ ಲಿಟಲ್ ಫ್ಲವರ್ ಎಂಬ ಹೆಸರಿನ ಶಾಲೆಗಳನ್ನು ನೋಡಿದ್ದೀರಲ್ಲ, ಆ ಹೂವು ಇವಳೇ. ಅವಿಲಾದ ದೊಡ್ಡ ತೆರೇಸಾ ಸ್ಪೇನಿನವಳು, ಮುನ್ನೂರು ವರ್ಷ ಹಿಂದಿನವಳು; ಕೋಲ್ಕತ್ತದ ಮದರ್ ತೆರೇಸಾ ತಮ್ಮ ಹೆಸರನ್ನು ಆರಿಸಿಕೊಂಡದ್ದು ಲಿಸ್ಯೂವಿನ ಈ ಚಿಕ್ಕವಳಿಂದ. ಮೂವರನ್ನೂ ಒಂದೇ ಮಾಡಿಕೊಂಡು ಗೊಂದಲಪಡುವವರು ಬಹಳ ಮಂದಿ, ಅದಕ್ಕೇ ಮೊದಲಲ್ಲೇ ಹೇಳಿಬಿಟ್ಟೆ.

ಅವಳ ಬಳಿಗೆ ಹೋಗುವ ಮುನ್ನ ಮೂಲ ಪ್ರಸಂಗವನ್ನು ಒಮ್ಮೆ ನೋಡಿಬಿಡೋಣ. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ. ಸ್ವರ್ಗಸಾಮ್ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂದು ಶಿಷ್ಯರು ಕೇಳುತ್ತಾರೆ. ಪ್ರಶ್ನೆಯೇ ಪದವಿಯದು, ಸಾಲಿನಲ್ಲಿ ಯಾರು ಮುಂದೆ ಎಂಬುದು. ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಮಗು ಮುಗ್ಧ, ಮಗು ನಿರ್ಮಲ ಎಂದು ನಾವು ತಕ್ಷಣ ಹೇಳಿಬಿಡುತ್ತೇವೆ. ಮನೆಯಲ್ಲಿ ಮಕ್ಕಳಿರುವವರು ಹಾಗೆ ಹೇಳಲಾರರು. ಒಂದು ಬಿಸ್ಕತ್ತಿಗಾಗಿ ಅಣ್ಣತಮ್ಮ ನಡೆಸುವ ಯುದ್ಧವನ್ನು ಅವರು ದಿನಾ ನೋಡುತ್ತಾರೆ. ಆ ಕಾಲದ ಸಮಾಜದಲ್ಲಿ ಮಗುವಿಗೆ ಸ್ವಂತದ್ದು ಎನ್ನುವ ಸ್ಥಾನ ಇರಲಿಲ್ಲ, ಆಸ್ತಿ ಇರಲಿಲ್ಲ, ಅದರ ಮಾತಿಗೆ ಬೆಲೆ ಇರಲಿಲ್ಲ. ಅದು ಬದುಕುತ್ತಿದ್ದದ್ದು ಯಾರೋ ಕೊಟ್ಟದ್ದರಿಂದ. ದೊಡ್ಡವರಾರು ಎಂದು ಕೇಳಿದವರಿಗೆ ಯೇಸು ತೋರಿಸಿದ್ದು ಎಣಿಕೆಗೇ ಬಾರದ ಒಂದು ಜೀವವನ್ನು.

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಎರಡು ಪ್ರಸಂಗಗಳನ್ನು ಸೇರಿಸಿ ಓದಬೇಕು. ತಾಯಂದಿರು ಮಕ್ಕಳನ್ನು ಹೊತ್ತು ತಂದಿರಬೇಕು, ಶಿಷ್ಯರು ಗದರುತ್ತಾರೆ, ಯೇಸುವಿಗೆ ಸಿಟ್ಟು ಬರುತ್ತದೆ, ಅವರು ಮಕ್ಕಳನ್ನು ತೋಳಿನಲ್ಲಿ ಎತ್ತಿಕೊಂಡು ಆಶೀರ್ವದಿಸುತ್ತಾರೆ. ಅದರ ಬೆನ್ನಿಗೇ ಒಬ್ಬ ಶ್ರೀಮಂತ ಓಡಿಬಂದು ಮಂಡಿಯೂರುತ್ತಾನೆ. ನಿತ್ಯಜೀವ ಪಡೆಯಲು ತಾನು ಏನು ಮಾಡಬೇಕು ಎಂಬುದು ಅವನ ಪ್ರಶ್ನೆ. ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದವನು, ಒಳ್ಳೆಯವನು, ಯೇಸು ಅವನನ್ನು ಪ್ರೀತಿಯಿಂದ ನೋಡಿದರು ಎಂದೇ ಮಾರ್ಕ ಬರೆಯುತ್ತಾನೆ. ಇದ್ದುದನ್ನೆಲ್ಲ ಬಿಟ್ಟು ಬಾ ಅಂದಾಗ ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಏನೂ ಮಾಡದ ಮಕ್ಕಳು ತೋಳಿನಲ್ಲಿದ್ದಾರೆ, ಎಲ್ಲವನ್ನೂ ಮಾಡಿದವನು ದುಃಖದಿಂದ ಮನೆಗೆ ಹೋಗುತ್ತಿದ್ದಾನೆ. ಸಂತೋಷ ಎಲ್ಲಿ ತಪ್ಪಿಹೋಗುತ್ತದೆ ಎಂಬುದಕ್ಕೆ ಈ ಎರಡು ಚಿತ್ರಗಳಷ್ಟು ಸ್ಪಷ್ಟವಾದ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಈಗ ತೆರೇಸಾಳ ಕಡೆಗೆ ಬರೋಣ. ಹುಟ್ಟಿದ್ದು 1873ರ ಜನವರಿ 2ರಂದು, ನಾರ್ಮಂಡಿಯ ಅಲಾನ್ಸೋನಿನಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕಸುಬಿನವರು. ತಾಯಿ ಜೆಲಿ ಆ ಊರಿಗೆ ಹೆಸರು ತಂದ ಲೇಸ್ ತಯಾರಿಸುವವರು. ಹೆಂಗಸರು ತಂತಮ್ಮ ಮನೆಗಳಲ್ಲಿ ಸೂಜಿಯಿಂದ ಹೆಣೆದ ತುಂಡುಗಳನ್ನು ತಂದುಕೊಡುತ್ತಿದ್ದರು. ಜೋಡಣೆ ಕಾಣದ ಹಾಗೆ ಅವನ್ನು ಸೇರಿಸುವುದು ಜೆಲಿಯ ಕೈಚಳಕ. ದಂಪತಿಗೆ ಒಂಬತ್ತು ಮಕ್ಕಳು, ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ತೆರೇಸಾ ಕೊನೆಯವಳು. ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟಿನಲ್ಲಿ, ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಕುಟುಂಬ ಲಿಸ್ಯೂವಿಗೆ ಬಂತು. ತೆರೇಸಾ ತನಗೆ ಎರಡನೇ ತಾಯಿಯಾಗಿ ಅಕ್ಕ ಪೌಲೀನಳನ್ನು ಆರಿಸಿಕೊಂಡಳು. 1882ರಲ್ಲಿ ಪೌಲೀನಳೂ ಅದೇ ಊರಿನ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿಬಿಟ್ಟಳು.

ಆಮೇಲಿನ ಹುಡುಗಿಯನ್ನು ನೋಡಿ. ಮುಟ್ಟಿದರೆ ಅಳು. ಸಣ್ಣ ತಪ್ಪಾದರೆ ಅಳು, ಸಮಾಧಾನ ಮಾಡಿದ ಮೇಲೆ ತಾನು ಅತ್ತದ್ದಕ್ಕಾಗಿ ಮತ್ತೆ ಅಳು. ತನ್ನ ಬಗ್ಗೆ ಅವಳೇ ಬರೆದುಕೊಂಡಿದ್ದಾಳೆ. ಮಗುವಿನಂಥ ವಿಶ್ವಾಸದ ಗುರು ಎನಿಸಿಕೊಂಡವಳು ಹದಿಮೂರು ವರ್ಷದ ತನಕ ಮಗುವಿನ ಎಲ್ಲ ದೌರ್ಬಲ್ಯಗಳನ್ನೂ ಹೊತ್ತುಕೊಂಡಿದ್ದಳು, ಮತ್ತು ಆ ಕಾಲದಲ್ಲಿ ಅವಳಿಗೆ ಸಂತೋಷವಿರಲಿಲ್ಲ.

ಅದು ಬದಲಾದದ್ದು 1886ರ ಕ್ರಿಸ್ಮಸ್ ರಾತ್ರಿ. ಫ್ರಾನ್ಸಿನ ಮನೆಗಳಲ್ಲಿ ಆಗ ಮಕ್ಕಳ ಬೂಟುಗಳನ್ನು ಬೆಂಕಿಗೂಡಿನ ಬಳಿ ಇಟ್ಟು ಅದರಲ್ಲಿ ಉಡುಗೊರೆ ತುಂಬುವ ಪದ್ಧತಿ. ಹದಿಮೂರು ದಾಟಿ ಹದಿನಾಲ್ಕಕ್ಕೆ ಕಾಲಿಡಲಿದ್ದ ತೆರೇಸಾಳಿಗೂ ಅಕ್ಕಂದಿರು ಆ ವರ್ಷ ಬೂಟು ಇಟ್ಟಿದ್ದರು, ಮನೆಯ ಕೊನೆಯ ಕೂಸು ಅಲ್ಲವೇ. ನಡುರಾತ್ರಿಯ ಬಲಿಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಅಪ್ಪನಿಗೆ ದಣಿವು. ಟೋಪಿ ತೆಗೆಯಲು ತೆರೇಸಾ ಮೆಟ್ಟಿಲು ಹತ್ತುತ್ತಿದ್ದಳು. ಸದ್ಯ, ಈ ಮಕ್ಕಳಾಟಕ್ಕೆ ಇದೇ ಕೊನೆಯ ವರ್ಷ ಎಂಬ ಅರ್ಥದಲ್ಲಿ ಅಪ್ಪ ಗೊಣಗಿದ್ದು ಅವಳ ಕಿವಿಗೆ ಬಿತ್ತು. ಕಣ್ಣು ತುಂಬಿತು. ಹಿಂದೆಯೇ ಬಂದ ಅಕ್ಕ ಸೆಲೀನ್‌ಗೆ ತಂಗಿಯ ಸ್ವಭಾವ ಗೊತ್ತು. ಈಗಲೇ ಕೆಳಗೆ ಹೋಗಬೇಡ, ಬೂಟು ನೋಡಿದರೆ ಅಳು ತಡೆಯಲಾಗದು ಎಂದು ಅವಳು ತಡೆದಳು. ತೆರೇಸಾ ಕಣ್ಣೊರೆಸಿಕೊಂಡಳು, ಕೆಳಗಿಳಿದಳು, ಅಪ್ಪನ ಮುಂದೆ ಕೂತು ಒಂದೊಂದೇ ಉಡುಗೊರೆ ತೆಗೆದು ಸಂಭ್ರಮಪಟ್ಟಳು. ಅಪ್ಪನೂ ನಕ್ಕರು. ಸೆಲೀನ್‌ಗೆ ತಾನು ಕನಸು ಕಾಣುತ್ತಿದ್ದೇನೆಯೇ ಅನ್ನಿಸಿತಂತೆ.

ಇದನ್ನು ತೆರೇಸಾ ತನ್ನ ಪೂರ್ಣ ಮನಪರಿವರ್ತನೆ ಎಂದು ಕರೆದಳು. ಬೂಟಿನೊಳಗಿನ ನಾಲ್ಕು ಆಟಿಕೆ ನೋಡಿ ಅಳದೇ ಇದ್ದದ್ದು ದೊಡ್ಡ ಪವಾಡವೇ ಎಂದು ನಗಬೇಡಿ. ಅಳುಮುಂಜಿತನದ ಬಾಲ್ಯವನ್ನು ಅವಳು ಆ ರಾತ್ರಿ ಹಿಂದೆ ಬಿಟ್ಟಳು, ನಾನು ಯಾವ ಮಗುತನದ ಬಗ್ಗೆ ಹೇಳಹೊರಟಿದ್ದೇನೋ ಅದು ಅಲ್ಲಿಂದ ಶುರುವಾಯಿತು. ತನ್ನ ನೋವಿನ ಸುತ್ತಲೇ ಸುತ್ತುತ್ತಿದ್ದವಳು ಅಂದು ಮೊದಲ ಸಲ ಅಪ್ಪನ ದಣಿವನ್ನು ಕಂಡಳು. ವಿಚಾರದಲ್ಲಿ ಮಕ್ಕಳಾಗಬೇಡಿ, ಕೆಡುಕಿನಲ್ಲಿ ಮಾತ್ರ ಎಳೆಯರಾಗಿರಿ ಎಂದು ಸಂತ ಪೌಲರು ಕೊರಿಂಥದವರಿಗೆ ಎಚ್ಚರಿಸಿದ್ದು ಇದನ್ನೇ. ಮುಂದಿನ ವರ್ಷವೇ, ಪ್ಯಾರಿಸಿನಲ್ಲಿ ಇಬ್ಬರು ಹೆಂಗಸರನ್ನೂ ಒಬ್ಬ ಹುಡುಗಿಯನ್ನೂ ಕೊಂದ ಪ್ರಾಂಜಿನಿ ಎಂಬ ಅಪರಾಧಿಗೆ ಮರಣದಂಡನೆ ವಿಧಿಸಿದಾಗ, ಅವನಿಗಾಗಿ ಪ್ರಾರ್ಥಿಸುವುದನ್ನು ಅವಳು ತನ್ನ ಕೆಲಸ ಮಾಡಿಕೊಂಡಳು. ಊರೆಲ್ಲ ಶಪಿಸುತ್ತಿದ್ದವನನ್ನು ತನ್ನ ಮೊದಲ ಮಗು ಎಂದಳು. ಗಿಲೊಟಿನ್ ಹತ್ತುವ ಮುನ್ನ ಅವನು ಶಿಲುಬೆಗೆ ಮುತ್ತಿಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಎದ್ದು ಹೋಗಿ ಬಚ್ಚಿಟ್ಟುಕೊಂಡು ಅತ್ತಳು. ಈ ಅಳು ಬೇರೆ.

ಹದಿನೈದಕ್ಕೇ ಮಠ ಸೇರುವ ಹಟ. ಸ್ಥಳೀಯ ಗುರುಗಳು ಬೇಡ ಅಂದರು, ಧರ್ಮಾಧ್ಯಕ್ಷರು ನೋಡೋಣ ಅಂದರು. 1887ರ ನವೆಂಬರಿನಲ್ಲಿ ಅಪ್ಪನ ಜೊತೆ ರೋಮಿಗೆ ಯಾತ್ರೆ ಹೋದಾಗ, ಪೋಪರ ಎದುರು ಯಾರೂ ಮಾತಾಡಕೂಡದು ಎಂದು ಮೊದಲೇ ತಾಕೀತು ಮಾಡಿದ್ದರೂ, 13ನೇ ಲಿಯೋ ಅವರ ಮಂಡಿಯ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು. ಕಾವಲುಗಾರರು ಎತ್ತಿಕೊಂಡು ಹೊರಗೆ ಬಿಟ್ಟರು. 1888ರ ಏಪ್ರಿಲ್ 9ರಂದು ಲಿಸ್ಯೂವಿನ ಕಾರ್ಮೆಲ್ ಮಠದ ಬಾಗಿಲು ಅವಳಿಗೆ ತೆರೆಯಿತು. ಅಲ್ಲಿಂದ ಅವಳು ಜೀವಂತ ಹೊರಬರಲಿಲ್ಲ. ಒಂಬತ್ತು ವರ್ಷಗಳ ನಂತರ, 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಹೊರಗಿನವರ ದೃಷ್ಟಿಯಲ್ಲಿ ಅವಳ ಬದುಕು ಇಷ್ಟೇ. ಅವಳು ಹಾಸಿಗೆ ಹಿಡಿದಿದ್ದಾಗ ಒಬ್ಬ ಸನ್ಯಾಸಿನಿ, ಇವಳ ಬಗ್ಗೆ ನಮ್ಮ ಮಠದ ಮುಖ್ಯಸ್ಥೆ ಮದರ್ ಮರಣಪತ್ರದಲ್ಲಿ ಬರೆಯುವುದಾದರೂ ಏನನ್ನು, ಇವಳು ಏನೂ ಮಾಡಿಯೇ ಇಲ್ಲವಲ್ಲ ಎಂದು ಬೇಸರಪಟ್ಟರಂತೆ.

ಈ ಏನೂ ಮಾಡದವಳ ಕೈಯಲ್ಲಿ ಅಕ್ಕ ಪೌಲೀನ್, ತಾವು ಮಠದ ಮದರ್ ಆಗಿದ್ದಾಗ, ಬಾಲ್ಯದ ನೆನಪುಗಳನ್ನು ಬರೆಸಿದ್ದರು. ಒಂದು ಪುಟ್ಟ ನೋಟುಪುಸ್ತಕ, ನಡುವೆ ಇನ್ನೊಬ್ಬ ಅಕ್ಕನಿಗೆ ಬರೆದ ದೀರ್ಘ ಪತ್ರ, ಸಾಯುವ ಬೇಸಿಗೆಯಲ್ಲಿ ಬರೆದ ಇನ್ನೊಂದು ನೋಟುಪುಸ್ತಕ. ಮೂರೂ ಸೇರಿ 'ಒಂದು ಆತ್ಮದ ಕಥೆ' ಎಂಬ ಪುಸ್ತಕವಾಗಿ 1898ರಲ್ಲಿ ಎರಡು ಸಾವಿರ ಪ್ರತಿಗಳಲ್ಲಿ ಅಚ್ಚಾಯಿತು. ಮುಂದಿನದು ಚರಿತ್ರೆ. 1925ರಲ್ಲಿ ಸಂತ ಪದವಿ. 1927ರಲ್ಲಿ ಮಠದ ಗೋಡೆ ದಾಟದ ಇವಳು ಸಂತ ಫ್ರಾನ್ಸಿಸ್ ಜೇವಿಯರ್ ಜೊತೆ ಧರ್ಮಪ್ರಚಾರದ ಪಾಲಕಿ. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇವಳನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಆ ಸಾಲಿನಲ್ಲಿ ಸಂತ ಅಗಸ್ಟೀನ್, ಥಾಮಸ್ ಅಕ್ವೈನಾಸ್‌ರಂಥವರು ಇದ್ದಾರೆ.

ಹಾಗಾದರೆ ಅವಳು ಕಲಿಸಿದ್ದೇನು? ಇಲ್ಲಿ ಸ್ವಲ್ಪ ನಿಧಾನಿಸೋಣ.

ಆಗಿನ ಫ್ರಾನ್ಸಿನ ಧಾರ್ಮಿಕ ವಾತಾವರಣದಲ್ಲಿ ದೇವರು ಎಂದರೆ ಬಹುಪಾಲು ಜನರಿಗೆ ಲೆಕ್ಕ ಕೇಳುವ ನ್ಯಾಯಾಧೀಶ. ಹಳೆಯ ಜಾನ್ಸೆನಿಸಂ ಎಂಬ ಕಟ್ಟುನಿಟ್ಟಿನ ಪಂಥ ಮುಗಿದಿದ್ದರೂ ಅದರ ಭಯ ಮುಗಿದಿರಲಿಲ್ಲ. ಪರಮಪ್ರಸಾದವನ್ನು ದಿನಾ ಸ್ವೀಕರಿಸುವುದು ಸಲಿಗೆ ಅನ್ನಿಸುತ್ತಿತ್ತು. ಅದಕ್ಕೆ ಪೋಪ್ ಹತ್ತನೇ ಪಿಯುಸ್ ಪ್ರೋತ್ಸಾಹ ಕೊಟ್ಟದ್ದು 1905ರಲ್ಲಿ. ಮಠಗಳಲ್ಲಿ ಕೆಲವರು ಪಾಪಿಗಳಿಗೆ ಬರಬೇಕಾದ ಶಿಕ್ಷೆ ತಮಗೆ ಬರಲಿ ಎಂದು ದೇವರ ನ್ಯಾಯಕ್ಕೆ ತಮ್ಮನ್ನು ಅರ್ಪಿಸಿಕೊಳ್ಳುತ್ತಿದ್ದರು. ತೆರೇಸಾ ಅವರನ್ನು ಗೌರವಿಸಿದಳು, ಆದರೆ ಆ ದಾರಿ ಹಿಡಿಯಲಿಲ್ಲ. 1895ರ ಜೂನ್ 9ರಂದು ಅವಳು ತನ್ನನ್ನು ಅರ್ಪಿಸಿಕೊಂಡದ್ದು ದೇವರ ಕರುಣೆಗೆ. ಬದುಕಿನ ಸಂಜೆ ನಿನ್ನ ಮುಂದೆ ಬರಿಗೈಯಲ್ಲಿ ಬರುತ್ತೇನೆ, ನನ್ನ ಪುಣ್ಯಗಳನ್ನು ಎಣಿಸು ಎಂದು ಕೇಳುವುದಿಲ್ಲ ಎಂಬ ಭಾವ ಆ ಪ್ರಾರ್ಥನೆಯ ತಿರುಳು.

ಪಾಪಪುಣ್ಯದ ಲೆಕ್ಕಕ್ಕೆ ಒಗ್ಗಿಹೋದ ನಮಗೆ ಈ ಮಾತಿನ ಎದೆಗಾರಿಕೆ ಸುಲಭವಾಗಿ ತಲೆಗೆ ಹೋಗುವುದಿಲ್ಲ. ಹರಕೆ ಹೊತ್ತು ತೀರಿಸುವ ನಾಡು ನಮ್ಮದು. ಕ್ರೈಸ್ತರೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ವಿವೇಕನಗರದ ಬಾಲ ಯೇಸುವಿನ ದೇವಾಲಯಕ್ಕೆ ಗುರುವಾರ ಹೋಗಿ ನೋಡಿ, ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಬೇಡುವುದು ತಪ್ಪೆಂದು ತೆರೇಸಾ ಹೇಳುವುದಿಲ್ಲ, ಮಗು ಬೇಡದೆ ಇನ್ನಾರು ಬೇಡಿಯಾರು. ಬೇಡಿಕೆಗೆ ಬದಲಾಗಿ ಏನನ್ನೋ ತೆತ್ತು ದೇವರನ್ನು ಋಣದಲ್ಲಿಟ್ಟುಕೊಳ್ಳುವ ಯೋಚನೆಯನ್ನು ಮಾತ್ರ ಅವಳು ಬಿಟ್ಟಳು.

ಅವಳ ಕಾಲಕ್ಕೆ ಲಿಫ್ಟ್ ಹೊಸದು. ಶ್ರೀಮಂತರ ಮನೆಗಳಲ್ಲಿ ಅದು ಬಂದು ಮೆಟ್ಟಿಲು ಹತ್ತುವ ಕಷ್ಟ ತಪ್ಪಿಸಿತ್ತು. ಸಂತರೆಲ್ಲ ಪರಿಪೂರ್ಣತೆಯ ಕಡಿದಾದ ಮೆಟ್ಟಿಲು ಹತ್ತಿದವರು. ತಾನು ತೀರ ಚಿಕ್ಕವಳು, ತನಗೂ ಒಂದು ಲಿಫ್ಟ್ ಬೇಕು ಎಂದು ಅವಳು ಹುಡುಕಿದಳು. ಹುಡುಕಿದ್ದು ಎಲ್ಲಿ ಅಂದರೆ ಸೆಲೀನ್ ಮಠ ಸೇರುವಾಗ ತಂದಿದ್ದ, ಹಳೆಯ ಒಡಂಬಡಿಕೆಯ ಭಾಗಗಳನ್ನು ನಕಲು ಮಾಡಿದ್ದ ನೋಟುಪುಸ್ತಕದಲ್ಲಿ. ಪೂರ್ತಿ ಬೈಬಲ್ ಅವಳ ಕೈಗೆ ಸಿಗುವಂತಿರಲಿಲ್ಲ. ಜ್ಞಾನೋಕ್ತಿಗಳಲ್ಲಿ ಚಿಕ್ಕವರಿಗೆ ಬರುವ ಕರೆ, ಯೆಶಾಯನ ಕೊನೆಯ ಅಧ್ಯಾಯದಲ್ಲಿ ತಾಯಿ ಮಗುವನ್ನು ಮಡಿಲಲ್ಲಿಟ್ಟು ಸಂತೈಸುವ ಹಾಗೆ ದೇವರು ಸಂತೈಸುತ್ತಾನೆಂಬ ಭರವಸೆ, ಇವೆರಡೂ ಸಿಕ್ಕಿದವು. ಲಿಫ್ಟ್ ಸಿಕ್ಕಿತು: ಯೇಸುವಿನ ತೋಳುಗಳು. ಇನ್ನು ತಾನು ದೊಡ್ಡವಳಾಗುವುದು ಬೇಡ, ಚಿಕ್ಕವಳಾಗಿಯೇ ಉಳಿಯಬೇಕು, ಇನ್ನೂ ಚಿಕ್ಕವಳಾಗಬೇಕು ಎಂದು ತೀರ್ಮಾನಿಸಿದಳು. ಇದನ್ನೇ ಅವಳ ಪುಟ್ಟ ದಾರಿ ಎನ್ನುತ್ತಾರೆ.

ಇಲ್ಲಿ ನಮ್ಮ ಹೊಸಬರು ತಪ್ಪದೆ ಕೈಯೆತ್ತುತ್ತಾರೆ. ಹಾಗಾದರೆ ನಾವು ಏನೂ ಮಾಡಬೇಕಾಗಿಲ್ಲವೇ? ಈ ಪ್ರಶ್ನೆಗೆ ತೆರೇಸಾ ತನ್ನ ಕೈಕೆಳಗಿನ ಒಬ್ಬ ಕಿರಿಯ ಸಹೋದರಿಗೆ ಉತ್ತರ ಕೊಟ್ಟಿದ್ದಾಳೆ. ನಡೆಯಲು ಆಗತಾನೇ ಕಲಿಯುತ್ತಿರುವ ಕೂಸು ಮಹಡಿಯಲ್ಲಿರುವ ಅಪ್ಪನ ಬಳಿ ಹೋಗಬೇಕೆಂದು ಮೊದಲ ಮೆಟ್ಟಿಲಿಗೆ ಕಾಲೆತ್ತುತ್ತದೆ, ಬೀಳುತ್ತದೆ, ಮತ್ತೆ ಎತ್ತುತ್ತದೆ. ಮೊದಲ ಮೆಟ್ಟಿಲನ್ನೂ ಅದು ಹತ್ತಲಾರದು. ಆದರೆ ಕಾಲೆತ್ತುವುದನ್ನು ಬಿಡಬಾರದು. ನೋಡಿ ನೋಡಿ ಮನಸ್ಸು ಕರಗಿ ಅಪ್ಪನೇ ಇಳಿದು ಬಂದು ಎತ್ತಿಕೊಳ್ಳುತ್ತಾನೆ. ಕಾಲೆತ್ತುವುದು ನಮ್ಮದು, ಏರಿಸುವುದು ಅವನದು. ಶ್ರಮ ಉಳಿಯಿತು, ಶ್ರಮದ ಮೇಲಿನ ಹೆಮ್ಮೆ ಹೋಯಿತು, ಸೋತರೆ ಎಂಬ ಭಯವೂ ಹೋಯಿತು. ತಂಪು ಹೊತ್ತಿನಲ್ಲಿ ಧ್ಯಾನಕ್ಕೆ ಕೂತು ತೂಕಡಿಸಿದಾಗಲೂ ಅವಳು ಗಾಬರಿಯಾಗುತ್ತಿರಲಿಲ್ಲ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಹೆತ್ತವರಿಗೆ ಇಷ್ಟವೇ ಎಂದುಕೊಂಡಳು. ಜಪಮಾಲೆ ಹಿಡಿದು ನಿದ್ದೆಹೋಗಿ ಆಮೇಲೆ ನೊಂದುಕೊಳ್ಳುವ ಹಿರಿಯರಿಗೆ ನಾನು ಈ ಭಾಗವನ್ನು ಓದಿ ಹೇಳುವುದುಂಟು.

ಕಾಲೆತ್ತುವುದು ಎಂದರೆ ಅವಳ ದಿನಚರಿಯಲ್ಲಿ ಏನು ಎಂದು ಹತ್ತಿರದಿಂದ ನೋಡಿದರೆ ನಗು ಬರುವಷ್ಟು ಸಣ್ಣ ಸಂಗತಿಗಳು. ಧ್ಯಾನದ ಹೊತ್ತಿನಲ್ಲಿ ಹಿಂದೆ ಕೂರುತ್ತಿದ್ದ ಸಹೋದರಿಯೊಬ್ಬರು ಬಂದೊಡನೆ ವಿಚಿತ್ರವಾದ ಕಿರಿಕಿರಿ ಸದ್ದು ಮಾಡಲು ಶುರುಮಾಡುತ್ತಿದ್ದರು, ಎರಡು ಚಿಪ್ಪುಗಳನ್ನು ಒಂದಕ್ಕೊಂದು ಉಜ್ಜಿದ ಹಾಗೆ. ತೆರೇಸಾಳ ಕಿವಿ ಸೂಕ್ಷ್ಮ. ತಿರುಗಿ ಒಮ್ಮೆ ದುರುಗುಟ್ಟಿ ನೋಡಿದರೆ ಸದ್ದು ನಿಲ್ಲುತ್ತಿತ್ತು. ಅವಳು ತಿರುಗಲಿಲ್ಲ, ತಡೆದುಕೊಂಡು ಮೈ ಬೆವರುತ್ತಿತ್ತಂತೆ. ಕೊನೆಗೆ ಆ ಸದ್ದನ್ನೇ ಗಮನವಿಟ್ಟು ಕೇಳತೊಡಗಿ, ಅದನ್ನೇ ಸಂಗೀತ ಕಛೇರಿಯೆಂದು ಯೇಸುವಿಗೆ ಅರ್ಪಿಸಿದಳು. ಬಟ್ಟೆ ಒಗೆಯುವಾಗ ಎದುರಿನವರು ಕೊಳೆನೀರನ್ನು ಮುಖಕ್ಕೆ ಎರಚುತ್ತಿದ್ದರೂ ಹೀಗೇ.

ಸಿಸ್ಟರ್ ಸಂತ ಪಿಯೆರ್ ಎಂಬ ವೃದ್ಧೆಯ ಪ್ರಸಂಗ ಇನ್ನೂ ಚೆನ್ನಾಗಿದೆ. ಕಾಯಿಲೆಯವರು, ಸಿಡುಕಿನವರು. ಸಂಜೆ ಆರಕ್ಕೆ ಮುನ್ನ ಅವರನ್ನು ಪ್ರಾರ್ಥನಾಲಯದಿಂದ ಊಟದ ಮನೆಗೆ ನಡೆಸಿಕೊಂಡು ಹೋಗಬೇಕಿತ್ತು. ಯಾರಿಗೂ ಒಲ್ಲದ ಕೆಲಸ. ತೆರೇಸಾ ತಾನಾಗಿ ಕೇಳಿ ಪಡೆದಳು. ಅಜ್ಜಿ ಮರಳುಗಡಿಯಾರವನ್ನು ಅಲ್ಲಾಡಿಸಿದರೆ ಹೊರಡೋಣ ಎಂದರ್ಥ. ಕುರ್ಚಿಯನ್ನು ಎತ್ತುವುದಕ್ಕೂ ಒಂದು ಕ್ರಮ, ಸೊಂಟಪಟ್ಟಿಯಲ್ಲಿ ಹಿಡಿದುಕೊಂಡು ಹಿಂದೆ ನಡೆಯುವುದಕ್ಕೂ ಒಂದು ಕ್ರಮ. ವೇಗ ಹೆಚ್ಚಾದರೆ ಬೈಗುಳ, ನಿಧಾನವಾದರೆ ಹಿಡಿತ ಸಡಿಲವಾಯಿತೆಂದು ಬೈಗುಳ, ಇಷ್ಟು ಚಿಕ್ಕವಳ ಕೈಲಿ ಏನಾದೀತು ಎಂಬ ದೂರು ಬೇರೆ. ಊಟದ ಮನೆಯಲ್ಲಿ ಕೂರಿಸಿ ತೋಳು ಮಡಿಸಿಕೊಟ್ಟರೆ ಕೆಲಸ ಮುಗಿಯಿತು. ಒಂದು ದಿನ ತೆರೇಸಾ ಗಮನಿಸಿದಳು: ಗಂಟುಗಟ್ಟಿದ ಆ ಕೈಗಳಿಗೆ ಬ್ರೆಡ್ ಕತ್ತರಿಸಲು ಆಗುತ್ತಿಲ್ಲ. ಮಾರನೆಯ ದಿನದಿಂದ ಬ್ರೆಡ್ ಕತ್ತರಿಸಿಕೊಟ್ಟು, ಹೊರಡುವ ಮುನ್ನ ಒಂದು ನಗು ನಕ್ಕು ಬರುತ್ತಿದ್ದಳು. ಅಜ್ಜಿಯ ಮನಸ್ಸು ಗೆದ್ದದ್ದು ಆ ನಗು. ಅಂಥ ಒಂದು ಚಳಿಗಾಲದ ಸಂಜೆ, ಕತ್ತಲ ಹಾದಿಯಲ್ಲಿ ಅಜ್ಜಿಯನ್ನು ಹಿಡಿದು ನಡೆಸುತ್ತಿರುವಾಗ, ದೂರದ ವಾದ್ಯದ ಸ್ವರ ಕೇಳಿದ ಹಾಗಾಗಿ, ದೀಪಗಳಿಂದ ಝಗಝಗಿಸುವ ಕೋಣೆ, ಒಳ್ಳೆಯ ಉಡುಪಿನ ಹುಡುಗಿಯರು ಕಣ್ಣಿಗೆ ಕಟ್ಟಿದರು. ಇಲ್ಲಿ ಕೇಳುತ್ತಿದ್ದದ್ದು ನರಳಾಟ. ಆದರೂ ಆ ಹತ್ತು ನಿಮಿಷವನ್ನು ಸಾವಿರ ವರ್ಷದ ಹಬ್ಬದ ಜೊತೆಗೂ ಬದಲಾಯಿಸಿಕೊಳ್ಳಲಾರೆ ಎಂಬರ್ಥದಲ್ಲಿ ಬರೆದಿದ್ದಾಳೆ. ಸಂತೋಷ ಸುತ್ತಲಿನ ವಸ್ತುಗಳಲ್ಲಿಲ್ಲ, ಮನಸ್ಸಿನ ತೀರ ಒಳಗಿದೆ ಎಂದು ಅವಳು ಹೇಳುವುದನ್ನು ನಾನು ನಂಬುವುದು ಈ ಅಜ್ಜಿಯ ದೆಸೆಯಿಂದ.

ಇಷ್ಟು ಕೇಳಿದ ಮೇಲೆ, ಒಳ್ಳೆಯ ಮನೆಯಲ್ಲಿ ಬೆಳೆದ ಮುದ್ದು ಹುಡುಗಿ, ಅವಳಿಗೆ ವಿಶ್ವಾಸ ಸುಲಭವಾಗಿ ಬಂತು ಎಂದು ನಿಮಗನ್ನಿಸಿದ್ದರೆ ಅದು ಸಹಜ. ಚರ್ಚುಗಳಲ್ಲಿರುವ ಅವಳ ಪ್ರತಿಮೆಗಳೂ ಹಾಗೇ ಹೇಳುತ್ತವೆ: ಗುಲಾಬಿ ಕೆನ್ನೆ, ಎದೆಗೊತ್ತಿಕೊಂಡ ಶಿಲುಬೆ, ಅದರ ಮೇಲೆ ಗುಲಾಬಿ ಹೂಗಳು. ಈ ಪ್ರತಿಮೆಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಸೆಲೀನ್ ಮಠಕ್ಕೆ ಬರುವಾಗ ಕ್ಯಾಮೆರಾ ತಂದಿದ್ದಳು. ಅವಳು ತೆಗೆದ ಫೋಟೋಗಳಲ್ಲಿ ಕಾಣುವ ತೆರೇಸಾಳದು ಗಟ್ಟಿ ಗದ್ದ, ನೆಟ್ಟ ನೋಟ, ತುಟಿಯಂಚಿನಲ್ಲಿ ತುಂಟತನ.

1896ರ ಶುಭ ಶುಕ್ರವಾರದ ಹಿಂದಿನ ರಾತ್ರಿ ಮಲಗಿದಾಗ ಬಾಯಿಗೆ ಏನೋ ಬಿಸಿಯಾಗಿ ಉಕ್ಕಿ ಬಂತು. ದೀಪ ಆಗಲೇ ಆರಿಸಿದ್ದರಿಂದ ಬೆಳಗಾಗುವ ತನಕ ಕಾದು ನೋಡಿದಳು: ರಕ್ತ. ಅದು ಸಾವಿನ ಸೂಚನೆ ಎಂದು ಅವಳಿಗೆ ಗೊತ್ತು, ದೇವರ ಬಳಿ ಹೋಗುವ ಕರೆ ಎಂದು ಸಂತೋಷವೇ ಆಯಿತು. ಆದರೆ ಆ ಈಸ್ಟರಿನ ದಿನಗಳಲ್ಲಿ ಇನ್ನೊಂದು ಬಂತು, ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ಸ್ವರ್ಗವಿದೆ ಎಂಬ ನಂಬಿಕೆಯ ಸುಖ ಪೂರ್ತಿಯಾಗಿ ಆರಿಹೋಯಿತು. ದಟ್ಟ ಮಂಜು, ಸುರಂಗದ ಕತ್ತಲು. ನಿನ್ನ ಕನಸೆಲ್ಲ ಸುಳ್ಳು, ಮುಂದಿರುವುದು ಇನ್ನೂ ಗಾಢವಾದ ಇಲ್ಲಮೆ ಎಂದು ಕತ್ತಲೇ ಅಣಕಿಸಿದ ಹಾಗಾಗುತ್ತಿತ್ತು. ಸಾಯುವ ತನಕ, ಒಂದೂವರೆ ವರ್ಷ, ಅದು ಹೋಗಲಿಲ್ಲ. ಬರೆಯುತ್ತಾ ಬರೆಯುತ್ತಾ ಇನ್ನು ಮುಂದೆ ಬರೆದರೆ ದೈವನಿಂದೆಯಾದೀತೇನೋ ಎಂದು ನಿಲ್ಲಿಸಿಬಿಡುತ್ತಾಳೆ.

ನಾಸ್ತಿಕರು ನಿಜವಾಗಿ ಇದ್ದಾರೆಂದು ಅಲ್ಲಿಯ ತನಕ ಅವಳಿಗೆ ನಂಬಲಾಗಿರಲಿಲ್ಲ. ಬಾಯಲ್ಲಿ ಹಾಗೆ ಹೇಳುತ್ತಾರೆ ಅಂದುಕೊಂಡಿದ್ದಳು. ಈಗ ಅವರನ್ನು ಸಹೋದರರು ಎಂದು ಕರೆದು, ಅವರ ಕಹಿ ಊಟದ ಮೇಜಿನಲ್ಲಿ ತಾನೂ ಕೂತಿದ್ದೇನೆ, ನೀನು ಎಬ್ಬಿಸುವ ತನಕ ಏಳುವುದಿಲ್ಲ ಎಂದು ದೇವರಿಗೆ ಹೇಳುತ್ತಾಳೆ. ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲೇ ಬರೆದು ಎದೆಯ ಮೇಲೆ ಇಟ್ಟುಕೊಂಡಿದ್ದಳು. ಅನುಮಾನ ಬಂದಾಗ ತರ್ಕಕ್ಕಿಳಿಯುತ್ತಿರಲಿಲ್ಲ, ಯೇಸುವಿನ ಕಡೆ ಓಡುತ್ತಿದ್ದಳು. ಕತ್ತಲಲ್ಲಿ ಅಪ್ಪನ ಮುಖ ಕಾಣದಿದ್ದರೂ ಕೈ ಬಿಡದ ಮಗು ಮಾಡುವುದೂ ಅಷ್ಟೇ. ಮಗುವಿನಂಥ ವಿಶ್ವಾಸ ಅಂದರೆ ಪ್ರಶ್ನೆಯೇ ಏಳದ ಮನಸ್ಸು ಎಂದು ತಿಳಿದವರು ಈ ಪುಟಗಳನ್ನು ಓದಲೇಬೇಕು.

ಆ ಕಾಲದಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಪುಣ್ಯಕಥೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಡಯಾನಾ ವಾನ್ ಎಂಬಾಕೆ ಸೈತಾನನ ಆರಾಧನೆ ಬಿಟ್ಟು ಕ್ಯಾಥೊಲಿಕ್ ಆದಳೆಂಬ ಸುದ್ದಿ ಫ್ರಾನ್ಸಿನಲ್ಲೆಲ್ಲ ಹಬ್ಬಿತ್ತು. ಧರ್ಮಾಧ್ಯಕ್ಷರುಗಳೇ ನಂಬಿದ್ದರು. ತೆರೇಸಾಳೂ ನಂಬಿ ಅವಳಿಗೆ ಪತ್ರ ಬರೆದಳು. ಮಠದ ನಾಟಕದಲ್ಲಿ ತಾನು ಜೋನ್ ಆಫ್ ಆರ್ಕ್ ವೇಷ ಹಾಕಿದ್ದ ಫೋಟೋ ಜೊತೆಗೆ ಹೋಯಿತು. 1897ರ ಏಪ್ರಿಲ್ 19ರಂದು ಪ್ಯಾರಿಸಿನ ಸಭೆಯಲ್ಲಿ ಲಿಯೋ ತಾಕ್ಸಿಲ್ ಎಂಬ ಲೇಖಕ ಎದ್ದು ನಿಂತು, ಡಯಾನಾ ಎಂಬಾಕೆ ಇಲ್ಲವೇ ಇಲ್ಲ, ಎಲ್ಲ ನನ್ನದೇ ಕಟ್ಟುಕಥೆ ಎಂದು ನಕ್ಕ. ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ್ದು ತೆರೇಸಾಳ ಆ ಫೋಟೋ. ಸುದ್ದಿ ತಿಳಿದ ಅವಳು ತನಗೆ ಬಂದಿದ್ದ ಉತ್ತರವನ್ನು ಹರಿದು ತೋಟದ ಗೊಬ್ಬರದ ರಾಶಿಗೆ ಎಸೆದಳು. ನಂಬಿ ಮೋಸಹೋಗುವುದು ಮಕ್ಕಳಿಗೆ ಆಗುವಂಥದ್ದೇ. ಮನುಷ್ಯರು ನಗೆಪಾಟಲು ಮಾಡಿದ್ದಕ್ಕೆ ದೇವರ ಮೇಲಿನ ನಂಬಿಕೆಯನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಅದೂ ಒಳಗೆ ಪೂರ್ತಿ ಕತ್ತಲಿದ್ದ ಹೊತ್ತಿನಲ್ಲಿ.

ಕೊನೆಯ ತಿಂಗಳುಗಳು ಭೀಕರ. ಶ್ವಾಸಕೋಶ, ಕರುಳು ಎಲ್ಲಕ್ಕೂ ರೋಗ ಹರಡಿತ್ತು, ನೋವಿಗೆ ಮಾರ್ಫಿನ್ ಕೊಡಲಿಲ್ಲ. ಇಂಥ ನೋವಿನ ರೋಗಿಗಳ ಹತ್ತಿರ ವಿಷದ ಔಷಧಿ ಇಡಬೇಡಿ, ವಿಶ್ವಾಸ ಇಲ್ಲದಿದ್ದರೆ ನಾನು ಹಿಂದುಮುಂದು ನೋಡುತ್ತಿರಲಿಲ್ಲ ಎಂದು ಪೌಲೀನಳನ್ನು ಎಚ್ಚರಿಸಿದ್ದಳು. ಅಷ್ಟರ ನಡುವೆಯೂ ಹಾಸಿಗೆಯ ಸುತ್ತ ಕೂತವರನ್ನು ನಗಿಸುತ್ತಿದ್ದಳು. ಇದು ಸದಾ ಸಂತೋಷದ ಮನಃಸ್ಥಿತಿ ಅಲ್ಲ. ಸಂತೋಷವನ್ನು ಅವಳು ಬರುವುದಕ್ಕೆ ಕಾಯಲಿಲ್ಲ, ಬೇರೆಯವರಿಗೆ ಕೊಟ್ಟಳು.

ಕರ್ನಾಟಕಕ್ಕೂ ಈ ಕಥೆಗೂ ಒಂದು ನಂಟಿದೆ. ತೆರೇಸಾ ಹುಟ್ಟುವ ಮುನ್ನವೇ, 1870ರಲ್ಲಿ, ಫ್ರಾನ್ಸಿನ ಪೋ ಎಂಬ ಊರಿನಿಂದ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿಗೆ ಬಂದು ಮಠ ಕಟ್ಟಿದರು. ಅವರಲ್ಲಿ ಗಲಿಲೇಯದ ಅರಬ್ ಹುಡುಗಿ ಮರಿಯಂ ಇದ್ದಳು. ಅನಾಥೆ, ಓದುಬರಹ ಅಷ್ಟಕ್ಕಷ್ಟೆ, ತನ್ನನ್ನು ಪುಟ್ಟ ಶೂನ್ಯ ಎಂದು ಕರೆದುಕೊಳ್ಳುತ್ತಿದ್ದವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಅವಳ ವ್ರತಸ್ವೀಕಾರ ಆಯಿತು. ತೆರೇಸಾಳನ್ನು ಸಂತಳೆಂದು ಸಾರಿದ್ದು 1925ರ ಮೇ 17ರಂದು. ಮರಿಯಂಳನ್ನು ಸಾರಿದ್ದು ಸರಿಯಾಗಿ ತೊಂಬತ್ತು ವರ್ಷ ಕಳೆದು, 2015ರ ಮೇ 17ರಂದು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಚಿಕ್ಕವರಾಗಿರುವ ಈ ದಾರಿ ತೆರೇಸಾ ಒಬ್ಬಳ ಸ್ವತ್ತಲ್ಲ ಎಂದು ತೋರಿಸಲು ಮಂಗಳೂರಿನವರಿಗೆ ನಾನು ಮೊದಲು ಹೇಳುವುದು ಮರಿಯಂಳ ಕಥೆಯನ್ನೇ.

ಇನ್ನು ನೀವು ಎಲ್ಲಿಂದ ಶುರುಮಾಡಬೇಕು ಎಂಬ ಮಾತು. ಪ್ರಾರ್ಥನೆಗೆ ದೊಡ್ಡ ಮಾತುಗಳು ಬೇಕಿಲ್ಲ. ಪುಸ್ತಕದ ಸುಂದರ ಪ್ರಾರ್ಥನೆಗಳನ್ನೆಲ್ಲ ಹುಡುಕಿ ಓದಿದರೆ ತಲೆನೋವು ಬರುತ್ತದೆ ಎಂದು ತೆರೇಸಾಳೇ ಹೇಳಿದ್ದಾಳೆ. ಓದುಬಾರದ ಮಕ್ಕಳ ಹಾಗೆ ಹೇಳಬೇಕಾದ್ದನ್ನು ಸೀದಾ ಹೇಳಿಬಿಡುತ್ತಿದ್ದಳು, ಏನೂ ತೋಚದಿದ್ದರೆ ಪರಲೋಕ ಮಂತ್ರವನ್ನು ತೀರ ನಿಧಾನವಾಗಿ ಹೇಳುತ್ತಿದ್ದಳು. ಒಂದು ವಾರ 'ತಂದೆಯೇ' ಎಂಬಲ್ಲಿ ನಿಂತು ನೋಡಿ. ಅಪ್ಪನಿಂದ ನೋವುಂಡವರಿಗೆ ಅದು ಸುಲಭವಾಗದು, ಅಂಥವರು ಯೆಶಾಯ ಹೇಳುವ ತಾಯಿಯ ಮಡಿಲಿನಿಂದ ಶುರುಮಾಡಲಿ. ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಒಬ್ಬ ಸಿಸ್ಟರ್ ಸಂತ ಪಿಯೆರ್ ಇದ್ದೇ ಇರುತ್ತಾರೆ, ಅವರನ್ನು ಹುಡುಕುವುದಕ್ಕೆ ನನ್ನ ಸಹಾಯ ಬೇಕಾಗಲಾರದು.

'ಒಂದು ಆತ್ಮದ ಕಥೆ' ಕೊಳ್ಳುವಾಗ 1956ರ ನಂತರದ ಮೂಲಪಾಠವನ್ನು ಆಧರಿಸಿದ ಆವೃತ್ತಿಯೇ ಎಂದು ನೋಡಿಕೊಳ್ಳಿ. ಮೊದಲ ಮುದ್ರಣಕ್ಕೆ ಪೌಲೀನ್ ತಂಗಿಯ ಬರಹವನ್ನು ಬಹಳ ತಿದ್ದಿದ್ದರು, 1956ರಲ್ಲಷ್ಟೇ ತೆರೇಸಾಳ ಕೈಬರಹ ಇದ್ದಂತೆಯೇ ಹೊರಬಂತು. ಬಾಲ್ಯದ ಅಧ್ಯಾಯಗಳು ಹೂವು, ಪುಟ್ಟ ಹಕ್ಕಿ, ಸಕ್ಕರೆ ಮಾತುಗಳಿಂದ ತುಂಬಿವೆ. ನಮ್ಮ ಕಾಲದ ಓದುಗರಿಗೆ ಅಲ್ಲಿ ಬೇಸರ ಬಂದು ಪುಸ್ತಕ ಮುಚ್ಚುವ ಅಪಾಯವಿದೆ. ಅದಕ್ಕೇ ಕೊನೆಯ ನೋಟುಪುಸ್ತಕವನ್ನು ಮೊದಲು ಓದಿ. 1897ರ ಜೂನಿನಲ್ಲಿ, ತೋಟದಲ್ಲಿ ಗಾಲಿಕುರ್ಚಿಯ ಮೇಲೆ ಕೂತು, ಹತ್ತು ಸಾಲು ಬರೆಯುವಷ್ಟರಲ್ಲಿ ಹೂ ಹಿಡಿದು ಮಾತಾಡಿಸಲು ಬರುವ ಸಹೋದರಿಯರಿಗೆಲ್ಲ ನಗುಮುಖ ತೋರಿಸುತ್ತಾ ಬರೆದದ್ದು ಅದು. ಕತ್ತಲ ಪುಟಗಳೂ ಲಿಫ್ಟೂ ಅಜ್ಜಿಯೂ ಅದರಲ್ಲೇ ಇವೆ. ಕೊನೆಕೊನೆಗೆ ಶಕ್ತಿ ಸಾಲದೆ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದಿದ್ದಾಳೆ. ಅದು ಹಿಡಿಸಿದರೆ ಹಿಂದಕ್ಕೆ ಹೋಗಿ ಬಾಲ್ಯವನ್ನು ಓದಿ, ಸಕ್ಕರೆ ಆಗ ಅಷ್ಟು ಸಿಹಿ ಅನ್ನಿಸುವುದಿಲ್ಲ.